ತುಮಕೂರಿನಲ್ಲಿದ್ದುಕೊಂಡು ಟೆಕ್ನಿಕಲ್ ರೈಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಂತ್ರದ ಮ್ಯಾನುಯಲ್, ಸಾಫ್ಟ್‌ವೇರ್‌ನ ಸಹಾಯ ಪುಟ, ಪ್ಯಾನಲ್ ಬೋರ್ಡ್ ಮೇಲೆ ಅಂಟಿಸುವ ಸೂಚನೆ ಚೀಟಿ, ಇಂಥವನ್ನು ಬರೆಯುವುದು ನನ್ನ ಕೆಲಸ. ಇರುವುದು ತುಮಕೂರಿನಲ್ಲೇ. ಡಿಪ್ಲೊಮಾ, ಬಿಇ ಓದುವ ಹುಡುಗ ಹುಡುಗಿಯರು, ಕೆಲಸ ಬದಲಿಸೋಣ ಅಂತಿರುವ ಮೇಷ್ಟ್ರುಗಳು, ಅಂತರಸನಹಳ್ಳಿ, ಹಿರೇಹಳ್ಳಿ ಕಡೆ ಸಣ್ಣ ಕಾರ್ಖಾನೆ ನಡೆಸುವವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಇವೇ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದು ಹಾಕಿದ್ದೇನೆ.

ಟೆಕ್ನಿಕಲ್ ರೈಟರ್ ಅಂದರೆ ಏನು ಮಾಡುವವರು?

ಒಂದು ವಸ್ತುವನ್ನು ಮಾಡಿದವರಿಗೆ ಅದರ ಬಗ್ಗೆ ಎಲ್ಲವೂ ಗೊತ್ತಿರುತ್ತದೆ. ಬಳಸುವವರಿಗೆ ಆ ಹೊತ್ತಿಗೆ ಬೇಕಾದ ಒಂದೇ ಒಂದು ವಿಷಯ ಗೊತ್ತಿರುವುದಿಲ್ಲ. ಆ ಒಂದು ವಿಷಯ ಅವರಿಗೆ ತಟ್ಟನೆ ಸಿಗುವ ಹಾಗೆ ಮಾಡುವವರು ನಾವು. ಇದರಲ್ಲಿ ಬರವಣಿಗೆ ಅರ್ಧ ಕೂಡ ಇಲ್ಲ. ಕೇಳುವುದು, ನಿಂತು ನೋಡುವುದು, ಬರೆದದ್ದನ್ನು ಬೇರೆಯವರ ಕೈಗೆ ಕೊಟ್ಟು ಅವರು ಎಲ್ಲಿ ತಡವರಿಸುತ್ತಾರೆ ಅಂತ ಗಮನಿಸುವುದು, ಇವೇ ಜಾಸ್ತಿ.

ಇನ್ನೊಂದು ಕೆಲಸವಿದೆ, ಅದನ್ನು ಯಾವ ಕೋರ್ಸಿನಲ್ಲೂ ಒತ್ತಿ ಹೇಳುವುದಿಲ್ಲ. ಯಂತ್ರ ಬದಲಾದ ದಿನ ಹಳೆಯ ಹಾಳೆಯನ್ನು ಓದುಗರ ಕೈಯಿಂದ ವಾಪಸ್ ತೆಗೆದುಕೊಳ್ಳುವುದು. ನನ್ನ ಪ್ರಕಾರ ತಂತ್ರಜ್ಞಾನದ ಜೊತೆ ಹೆಜ್ಜೆ ಹಾಕುವುದು ಅಂದರೆ ಮುಕ್ಕಾಲು ಪಾಲು ಇದೇ.

ತುಮಕೂರಿನಲ್ಲಿ ಈ ಕೆಲಸ ಸಿಗುತ್ತಾ? ಬೆಂಗಳೂರಿಗೇ ಹೋಗಬೇಕಾ?

ಟೆಕ್ನಿಕಲ್ ರೈಟರ್ ಅನ್ನುವ ಹುದ್ದೆ ಹುಡುಕಿದರೆ ಬೆಂಗಳೂರಿನಲ್ಲೇ ಸಿಗುವುದು ಜಾಸ್ತಿ. ದೂರವೇನೂ ಇಲ್ಲ, 70 ಕಿಲೋಮೀಟರ್. ಸೀಸನ್ ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲಿ ಹೋಗಿ ಬರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಮನೆಯಿಂದಲೇ ಕೆಲಸ ಮಾಡಲು ಬಿಡುವ ಕಡೆಯೂ ಉಂಟು.

ಆದರೆ ಹುದ್ದೆ ಬೇರೆ, ಕೆಲಸ ಬೇರೆ. ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಇಂಥ ದೊಡ್ಡ ಜಾಗಗಳಿಗೆ ಬಿಡಿಭಾಗ ಮಾಡಿಕೊಡುವ, ರಿಪೇರಿ ಮಾಡುವ, ಜನ ಕಳಿಸುವ ಸಣ್ಣ ಘಟಕಗಳು ಸುತ್ತ ಬೆಳೆಯುತ್ತವೆ. ಅಲ್ಲೆಲ್ಲ ಕೆಲಸದ ವಿಧಾನವನ್ನು ಬರೆದಿಡಲೇಬೇಕು, ಆಡಿಟ್‌ಗೆ ಬಂದವರು ಮೊದಲು ಕೇಳುವುದೇ ಅದನ್ನು. ಬರೆಯುವವರನ್ನು ಅಲ್ಲಿ ಕ್ವಾಲಿಟಿ ಇಂಜಿನಿಯರ್ ಅನ್ನುತ್ತಾರೆ, ಟ್ರೈನಿಂಗ್ ಆಫೀಸರ್ ಅನ್ನುತ್ತಾರೆ, ಎಷ್ಟೋ ಕಡೆ "ಕಂಪ್ಯೂಟರ್ ಬರೋ ಹುಡುಗಿ" ಅಂತಲೇ ಅನ್ನುತ್ತಾರೆ. ಮಾಡುವುದು ಇದೇ ಕೆಲಸ.

ಬಿಇ ಆಗಿರಲೇಬೇಕಾ?

ಬೇಡ. ಆದರೆ ಯಂತ್ರ ಕಂಡರೆ ಹೆದರಬಾರದು. ಐಟಿಐ ಫಿಟ್ಟರ್ ಓದಿ ಚೆನ್ನಾಗಿ ಬರೆಯುವವರು ಇದ್ದಾರೆ. ಕನ್ನಡ ಎಂಎ ಮಾಡಿ, ಸರ್ಕ್ಯೂಟ್ ಚಿತ್ರ ಓದಲು ಕಲಿತವರೂ ಇದ್ದಾರೆ. ಗೊತ್ತಿಲ್ಲದ್ದನ್ನು ನಾಚಿಕೆ ಇಲ್ಲದೆ ಕೇಳುವ ಸ್ವಭಾವ ಮಾತ್ರ ಇರಲೇಬೇಕು. ಇಂಜಿನಿಯರಿಂಗ್ ಓದಿದವರಲ್ಲೇ ಅದು ಸ್ವಲ್ಪ ಕಡಿಮೆ ಅಂತ ನನ್ನ ಅನಿಸಿಕೆ. ಬೇಜಾರು ಮಾಡಿಕೊಳ್ಳಬೇಡಿ.

ಇಂಗ್ಲಿಷ್ ಎಷ್ಟು ಚೆನ್ನಾಗಿರಬೇಕು?

ದೊಡ್ಡ ಇಂಗ್ಲಿಷ್ ಬೇಡ, ಚಿಕ್ಕ ಇಂಗ್ಲಿಷ್ ಸಾಕು. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ವಿಮಾನದ ಮ್ಯಾನುಯಲ್‌ಗಳಿಗೆ ಅಂತಲೇ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಎಂಬ ನಿಯಮಾವಳಿ ಇದೆ. ಯುರೋಪಿನ ವಿಮಾನ ಉದ್ಯಮದವರು 1980ರ ದಶಕದಲ್ಲಿ ಶುರು ಮಾಡಿದ್ದು. ಜಗತ್ತಿನ ಎಲ್ಲ ಕಡೆ ವಿಮಾನ ರಿಪೇರಿ ಮಾಡುವವರ ಮನೆಮಾತು ಇಂಗ್ಲಿಷ್ ಅಲ್ಲವಲ್ಲ, ಅದಕ್ಕೆ. ಕೆಲಸದ ಹೆಜ್ಜೆ ಹೇಳುವ ವಾಕ್ಯದಲ್ಲಿ 20 ಪದ ಮೀರಬಾರದು. ವಿವರಣೆಯ ವಾಕ್ಯಕ್ಕೆ 25. ಒಂದು ಪದಕ್ಕೆ ಒಂದೇ ಅರ್ಥ. ಒಂದು ವಾಕ್ಯದಲ್ಲಿ ಒಂದೇ ಕೆಲಸ.

ಇದನ್ನು ಒಮ್ಮೆ ಅಭ್ಯಾಸ ಮಾಡಿಕೊಂಡರೆ ಕಾಲೇಜಿನಲ್ಲಿ ಕಲಿತ ಉದ್ದುದ್ದ ವಾಕ್ಯಗಳ ಚಟ ಬಿಟ್ಟುಹೋಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಹಿಂದೆ ಬೀಳುವುದಿಲ್ಲ. ಬಿಡಬೇಕಾದ ಚಟವೇ ಅವರಿಗೆ ಕಡಿಮೆ.

ಕನ್ನಡದಲ್ಲಿ ಮ್ಯಾನುಯಲ್ ಬರೆದರೆ ಯಾರು ಓದುತ್ತಾರೆ?

ಕೆಟ್ಟದಾಗಿ ಬರೆದರೆ ಯಾರೂ ಓದುವುದಿಲ್ಲ. ಒಂದು ಕಂಪ್ರೆಸರ್ ಮೇಲೆ ಅಂಟಿಸಿದ್ದ ಕನ್ನಡ ಸೂಚನೆ ಹೆಚ್ಚೂಕಮ್ಮಿ ಹೀಗಿತ್ತು: "ಕವಾಟವು ತೆರೆಯಲ್ಪಡುವ ಮುನ್ನ ಒತ್ತಡ ನಿವಾರಣೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು." ಅದರ ಮುಂದೆ ನಿಂತಿದ್ದ ಆಪರೇಟರ್ ಅಣ್ಣ ಮಧುಗಿರಿಯವರು, ಕನ್ನಡ ಪೇಪರ್ ದಿನಾ ಓದುವವರು. ಈ ಚೀಟಿಯನ್ನು ಒಂದು ದಿನವೂ ಓದಿರಲಿಲ್ಲ. ಅದನ್ನು ಹೀಗೆ ಬರೆಯಬಹುದಿತ್ತು: "ಮೊದಲು ಗೇಜ್ ನೋಡಿ. ಮುಳ್ಳು ಸೊನ್ನೆಗೆ ಬಂದಿರಬೇಕು. ಆಮೇಲೆ ವಾಲ್ವ್ ಬಿಚ್ಚಿ."

ಗೇಜ್, ವಾಲ್ವ್, ಬೆಲ್ಟ್, ಬೇರಿಂಗ್ ಅಂತ ಕೆಲಸದ ಜಾಗದಲ್ಲಿ ಏನನ್ನುತ್ತಾರೋ ಅದನ್ನೇ ಬರೆಯಿರಿ. ಆ ಚರ್ಚೆಯನ್ನು ಇಲ್ಲಿಗೇ ಬಿಡೋಣ.

ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಕನ್ನಡದಲ್ಲಿ "ಮಾಡಿ" ಅನ್ನುವುದೂ "ಮಾಡಬೇಡಿ" ಅನ್ನುವುದೂ ವಾಕ್ಯದ ತುದಿಯಲ್ಲಿ ಬರುತ್ತದೆ. "ಯಂತ್ರ ತಿರುಗುತ್ತಿರುವಾಗ ಲೋಹದ ಚೂರು ತೆಗೆಯಲು ಮುಂದಿನ ಗಾರ್ಡ್ ಅನ್ನು ಬಿಚ್ಚ" ಅಂತ ಒಂದು ಸಾಲು, "ಬೇಡಿ" ಅಂತ ಕೆಳಗಿನ ಸಾಲು. ಚೀಟಿಯ ಕೆಳಭಾಗಕ್ಕೆ ಗ್ರೀಸ್ ಮೆತ್ತಿಕೊಂಡರೆ ಉಳಿಯುವುದು ಬಿಚ್ಚು ಅನ್ನುವ ಅರ್ಥವೇ! ಅದಕ್ಕೇ ನಿಷೇಧದ ಮಾತನ್ನು ನಾನು ಮೂರು ನಾಲ್ಕು ಪದಕ್ಕೆ ಮುಗಿಸುತ್ತೇನೆ, ಒಂದೇ ಸಾಲಿನಲ್ಲಿ ಕೂರಿಸುತ್ತೇನೆ: "ಗಾರ್ಡ್ ಬಿಚ್ಚಬೇಡಿ." ಯಾವಾಗ, ಯಾಕೆ ಅನ್ನುವುದು ಮುಂದಿನ ಸಾಲಿಗೆ. ಪಕ್ಕದಲ್ಲಿ ಅಡ್ಡಗೆರೆ ಹಾಕಿದ ಚಿತ್ರ ಇದ್ದರೆ ಇನ್ನೂ ಒಳ್ಳೆಯದು.

ಒಡಿಶಾ, ಬಿಹಾರದಿಂದ ಬಂದ ಕೆಲಸಗಾರರೂ ನಮ್ಮ ಕಾರ್ಖಾನೆಗಳಲ್ಲಿ ಇದ್ದಾರೆ. ಅವರಿಗೆ ಕನ್ನಡದ ಚೀಟಿ ಅರ್ಥವಾಗುವುದಿಲ್ಲ. ಚಿತ್ರ ಬೇಕೇ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಆ್ಯಪ್‌ಗೆ, ಯಂತ್ರದ ಟಚ್ ಪರದೆಗೆ ಕನ್ನಡ ಹಾಕಿಸುವಾಗ ಏನು ಎಡವಟ್ಟಾಗುತ್ತದೆ?

ಮೂರು ಕಡೆ ಖಂಡಿತ ಆಗುತ್ತದೆ.

ಮೊದಲನೆಯದು ವಿಭಕ್ತಿ. ಸಾಫ್ಟ್‌ವೇರ್ ಬರೆಯುವವರು ವಾಕ್ಯದಲ್ಲಿ ಖಾಲಿ ಜಾಗ ಬಿಟ್ಟು, ಅಲ್ಲಿ ಊರಿನ ಹೆಸರು ತಾನೇ ಬಂದು ಕೂರುವ ಹಾಗೆ ಮಾಡಿರುತ್ತಾರೆ. ಅನುವಾದ ಮಾಡಿದವರು ಆ ಜಾಗದ ಮುಂದೆ "ದಲ್ಲಿ" ಅಂತ ಸೇರಿಸುತ್ತಾರೆ. ಕೋಲಾರ ಬಂದರೆ "ಕೋಲಾರದಲ್ಲಿ", ಸರಿಯಾಗಿಯೇ ಕಾಣುತ್ತದೆ. ಪರೀಕ್ಷೆ ಪಾಸ್. ಆಮೇಲೆ "ತುಮಕೂರುದಲ್ಲಿ" ಬರುತ್ತದೆ, "ಮಧುಗಿರಿದಲ್ಲಿ" ಬರುತ್ತದೆ. ಓದಿದವರು ನಗುತ್ತಾರೆ, ಆ್ಯಪನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಾರೆ. ಇದಕ್ಕೆ ಮದ್ದು ಸುಲಭ. ವಾಕ್ಯ ಮಾಡಲು ಹೋಗಬೇಡಿ. "ಊರು: ತುಮಕೂರು" ಅಂತ ಬಿಡಿ. ಹೆಸರಿನ ಹಿಂದೆ ಮುಂದೆ ಏನೂ ಅಂಟಬಾರದು.

ಎರಡನೆಯದು ಒತ್ತಕ್ಷರ. ಇಂಗ್ಲಿಷಿಗೆ ಅಂತ ಅಳತೆ ಮಾಡಿದ ಬಟನ್‌ನಲ್ಲಿ ಕನ್ನಡ ಹಾಕಿದರೆ ಒತ್ತಿನ ಕೆಳಭಾಗ ಕತ್ತರಿಸಿ ಹೋಗುತ್ತದೆ. ಹಳೆಯ ಟಚ್ ಪ್ಯಾನಲ್‌ಗಳಲ್ಲಂತೂ ಒತ್ತು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅಂಥ ಪ್ಯಾನಲ್‌ಗೆ ಕನ್ನಡವನ್ನು ಚಿತ್ರದ ರೂಪದಲ್ಲೇ ಹಾಕಿಸಬೇಕಾಗುತ್ತದೆ. ಚಿತ್ರವಾದರೆ ಒಂದು ಅಕ್ಷರ ಬದಲಿಸಬೇಕಾದರೂ ಮತ್ತೆ ಮೊದಲಿಂದ ಮಾಡಬೇಕು, ನೆನಪಿರಲಿ.

ಮೂರನೆಯದು ನಮ್ಮ ಹಳೆಯ ತಲೆನೋವು, ನುಡಿ (ಕನ್ನಡ ಟೈಪ್ ಮಾಡುವ ತಂತ್ರಾಂಶ) ಮತ್ತು ಯೂನಿಕೋಡ್ (ಎಲ್ಲ ಮೊಬೈಲ್, ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ). ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳು ಕಚೇರಿ, ಪ್ರೆಸ್, ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಗುಡ್ಡೆ ಬಿದ್ದಿವೆ. ಅದರಲ್ಲಿ ಕನ್ನಡ ಕಾಣುವುದು ಆ ಫಾಂಟ್ ಇರುವವರೆಗೆ ಮಾತ್ರ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಮೊಬೈಲ್‌ಗೆ ಹಾಕಿದ ತಕ್ಷಣ ಗೋಜಲು. ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ಗೆ ಬದಲಿಸುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತು, ಅಂಕಿಗಳನ್ನು ಕಣ್ಣಿಟ್ಟು ನೋಡಿ. ಹೊಸದಾಗಿ ಬರೆಯುವುದನ್ನು ನುಡಿಯಲ್ಲೇ ಬರೆದರೂ ಯೂನಿಕೋಡ್ ಆಯ್ಕೆ ಮಾಡಿಕೊಂಡು ಬರೆಯಿರಿ. ಹೊಸ ಆವೃತ್ತಿಗಳಲ್ಲಿ ಆ ಸೌಲಭ್ಯ ಇದೆ.

ತಂತ್ರಜ್ಞಾನ ಇಷ್ಟು ಬೇಗ ಬದಲಾಗುತ್ತದಲ್ಲ, ಅದರ ಜೊತೆ ಓಡುವುದು ಹೇಗೆ?

ಎಲ್ಲದರ ಜೊತೆ ಓಡಲು ಆಗುವುದಿಲ್ಲ, ಓಡಲೂಬೇಡಿ. ನಿಮ್ಮ ಓದುಗರ ಮುಂದೆ ಏನು ಬದಲಾಯಿತು ಅಂತ ನೋಡಿ ಸಾಕು.

ಬೈಕ್ ಮೆಕ್ಯಾನಿಕ್‌ಗಳನ್ನೇ ನೋಡಿ. 2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಬಿಎಸ್-6 ನಿಯಮ ಕಡ್ಡಾಯವಾಯಿತು. ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಸ್ಕ್ರೂ ತಿರುಗಿಸಿ, ಕಿವಿಗೊಟ್ಟು ಐಡ್ಲಿಂಗ್ ಸರಿಮಾಡುತ್ತಿದ್ದವರಿಗೆ ಒಂದೇ ಸಲಕ್ಕೆ ಸೆನ್ಸರ್, ಇಸಿಯು (ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್), ಸ್ಕ್ಯಾನರ್ ಎದುರಾದವು. ಅವರಿಗೆ ಇಂಜೆಕ್ಷನ್ ಸಿದ್ಧಾಂತದ ಪುಸ್ತಕ ಬೇಕಿರಲಿಲ್ಲ. ದೀಪ ಹೀಗೆ ಮಿನುಗಿದರೆ ಯಾವ ಸೆನ್ಸರ್, ಅದು ಎಲ್ಲಿದೆ, ಕನೆಕ್ಟರ್ ಬಿಚ್ಚುವ ಮೊದಲು ಇಗ್ನಿಷನ್ ಆಫ್ ಮಾಡಬೇಕಾ, ಇಷ್ಟು ಬೇಕಿತ್ತು. ಅದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಸಿಗದಿದ್ದಾಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರಿಗೊಬ್ಬರು ಫೋಟೊ ಕಳಿಸಿ ಕಲಿತರು. ಅಂಥ ಗುಂಪು ನಮ್ಮ ಕೆಲಸದವರಿಗೆ ಚಿನ್ನದ ಗಣಿ. ಜನ ಯಾವ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳುತ್ತಾರೆ ಅನ್ನುವುದು ಅಲ್ಲೇ ಗೊತ್ತಾಗುವುದು.

ನಾನು ನೋಡುವ ಜಾಗಗಳು ಇಷ್ಟೇ. ಬಳಸುವ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಾಗ ಜೊತೆಗೆ ಬರುವ ಬದಲಾವಣೆ ಪಟ್ಟಿ. ಬೇಜಾರಿನ ಓದು ಅದು, ಆದರೆ ಓದಲೇಬೇಕು. ಎರಡನೆಯದು ಸರ್ವಿಸ್ ಇಂಜಿನಿಯರ್‌ಗಳ ದೂರಿನ ಪುಸ್ತಕ. ಮೂರನೆಯದು ಪ್ರದರ್ಶನ. ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಐಎಂಟೆಕ್ಸ್ ಮೆಷಿನ್ ಟೂಲ್ ಪ್ರದರ್ಶನಕ್ಕೆ ನಮ್ಮೂರಿನವರು ಹೋಗುವುದು ಸುಲಭ, ತುಮಕೂರು ರಸ್ತೆಯ ಮೇಲೇ ಇದೆ. ಅಲ್ಲಿ ಯಂತ್ರ ನೋಡುವುದಕ್ಕಿಂತ ಆ ಯಂತ್ರದ ಪರದೆ ನೋಡಿ. ಐದು ವರ್ಷದ ಹಿಂದೆ ಬಟನ್ ಇದ್ದ ಕಡೆ ಈಗ ಏನಿದೆ ಅಂತ ಗಮನಿಸಿ.

ನಾಲ್ಕನೆಯದಕ್ಕೆ ದುಡ್ಡೇ ಬೇಡ. ಯಂತ್ರದ ಪಕ್ಕದ ಗೋಡೆ ನೋಡಿ. ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಿಸುವ ಲೇತ್ ಯಂತ್ರ) ಇರುವ ಯಾವ ವರ್ಕ್‌ಶಾಪ್‌ಗೆ ಹೋದರೂ ಕಂಟ್ರೋಲ್ ಪ್ಯಾನಲ್ ಬದಿಗೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ನೇತುಹಾಕಿರುತ್ತಾರೆ. ಅದರ ಮೇಲೆ ಮಾರ್ಕರ್‌ನಲ್ಲಿ ಒಂದು ಅಂಕಿ ಹೊಡೆದು ಇನ್ನೊಂದು ಬರೆದಿರುತ್ತದೆ, ಬದಿಗೆ "ನೈಟ್ ಶಿಫ್ಟ್ ನೋಡಿ" ಅಂತ ಬಾಣದ ಗುರುತು ಇರುತ್ತದೆ. ಅಲಾರಂ ಬಂದಾಗ ಏನು ಮಾಡಬೇಕು ಅಂತ ಪೆನ್ನಿನಲ್ಲಿ ಎರಡು ಸಾಲು ಇರುತ್ತದೆ. ಮ್ಯಾನುಯಲ್ ಎಲ್ಲಿ ಸೋತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವರದಿ ಇಲ್ಲ. ನಾನು ಹೊಸ ಜಾಗಕ್ಕೆ ಹೋದರೆ ಅಚ್ಚಾದ ಮ್ಯಾನುಯಲ್ ಕೇಳುವ ಮೊದಲು ಇಂಥ ಹಾಳೆಗಳ ಫೋಟೊ ತೆಗೆದುಕೊಳ್ಳುತ್ತೇನೆ. ಮಾಲೀಕರ ಅನುಮತಿ ಕೇಳಿಯೇ, ಮತ್ತೆ!

ಮ್ಯಾನುಯಲ್ ಹಳತಾಯಿತು ಅಂತ ಗೊತ್ತಾಗುವುದು ಹೇಗೆ? ಯಾವಾಗ ಬದಲಿಸಬೇಕು?

ಯಂತ್ರದ ಒಂದು ಭಾಗ ಬದಲಾದರೆ, ಸಾಫ್ಟ್‌ವೇರ್‌ನ ಒಂದು ಮೆನು ಜಾಗ ಬದಲಿಸಿದರೆ, ಅದೇ ದಿನ. ವರ್ಷಕ್ಕೊಮ್ಮೆ ಒಟ್ಟಿಗೆ ಮಾಡೋಣ ಅಂದುಕೊಂಡರೆ ಆ ವರ್ಷ ಬರುವುದೇ ಇಲ್ಲ. ವಿನ್ಯಾಸ ಬದಲಾವಣೆಗೆ ಸಹಿ ಹಾಕುವ ಕಾಗದದಲ್ಲಿ "ಮ್ಯಾನುಯಲ್ ಬದಲಿಸಬೇಕೇ? ಹೌದು / ಇಲ್ಲ" ಅಂತ ಒಂದು ಸಾಲು ಸೇರಿಸಿ. ಅಲ್ಲಿ ಟಿಕ್ ಬೀಳದೆ ಸಹಿ ಬೀಳಬಾರದು. ಇಷ್ಟರಿಂದಲೇ ಅರ್ಧ ಸಮಸ್ಯೆ ಹೋಗುತ್ತದೆ.

ಉಳಿದ ಅರ್ಧ ಹಳೆಯ ಪ್ರತಿಗಳದ್ದು. ಹೊಸ ಪಿಡಿಎಫ್ ಕಳಿಸಿದ ಮಾತ್ರಕ್ಕೆ ಹಳೆಯದು ಸಾಯುವುದಿಲ್ಲ. ಅದು ವಾಟ್ಸ್‌ಆ್ಯಪ್‌ನಲ್ಲಿ, ಫೋರ್‌ಮನ್ ಡ್ರಾಯರ್‌ನಲ್ಲಿ, ಲ್ಯಾಮಿನೇಟ್ ಆಗಿ ಗೋಡೆಯ ಮೇಲೆ ಬದುಕಿರುತ್ತದೆ. ಅದಕ್ಕೆ ಪ್ರತಿ ಪುಟದ ಅಡಿಯಲ್ಲೂ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಇರಲಿ, ಮುಖಪುಟದಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಯಾವ ಮಾಡೆಲ್‌ನ, ಯಾವ ಸೀರಿಯಲ್ ನಂಬರ್‌ನಿಂದ ಯಾವುದರವರೆಗಿನ ಯಂತ್ರಕ್ಕೆ ಇದು ಅನ್ವಯ ಅಂತ ಬರೆಯಿರಿ. ಯಂತ್ರದ ಮೇಲೆ ಕ್ಯೂಆರ್ ಕೋಡ್ ಅಂಟಿಸಿ, ಅದು ಯಾವಾಗಲೂ ಇತ್ತೀಚಿನ ಪ್ರತಿಗೇ ಹೋಗಲಿ. ವಸಂತನರಸಾಪುರದ ಶೆಡ್‌ಗಳ ಒಳಗೆ ಎಲ್ಲ ಕಡೆ ನೆಟ್‌ವರ್ಕ್ ಸಿಗುತ್ತದೆ ಅಂತ ನಂಬಿಕೊಂಡು ಕಾಗದ ಪೂರ್ತಿ ತೆಗೆಯಬೇಡಿ.

ಗೋಡೆಯ ಹಾಳೆ ಬದಲಿಸುವಾಗ ಹೊಸದನ್ನು ಕೊಟ್ಟು ಹಳೆಯದನ್ನು ಕೈಯಾರೆ ಇಸಿದುಕೊಳ್ಳಿ. "ನೀವೇ ಹರಿದು ಹಾಕಿ" ಅಂದರೆ ಯಾರೂ ಹರಿಯುವುದಿಲ್ಲ. ಲ್ಯಾಮಿನೇಷನ್‌ಗೆ ದುಡ್ಡು ಕೊಟ್ಟಿರುತ್ತಾರಲ್ಲ!

ಸರ್ಕಾರಿ ಆ್ಯಪ್‌ಗಳ ಕಥೆಯೂ ಇದೇ. ಬೆಳೆ ಸಮೀಕ್ಷೆ ಆ್ಯಪ್ ಹಂಗಾಮು ಬದಲಾದಂತೆ ಬದಲಾಗುತ್ತದೆ. ಮುಂಗಾರಿನದೇ ಬೇರೆ, ಹಿಂಗಾರಿನದೇ ಬೇರೆ. ಹಳೆಯ ಸ್ಕ್ರೀನ್‌ಶಾಟ್ ನೋಡಿಕೊಂಡು ಕೂತ ರೈತರು "ಆ ಬಟನ್ನೇ ಇಲ್ವಲ್ಲ" ಅನ್ನುತ್ತಾರೆ. ಇಂಥ ಆ್ಯಪ್‌ಗೆ ಸೂಚನೆ ಬರೆಯುವಾಗ ಬಟನ್ ಎಲ್ಲಿದೆ ಅನ್ನುವುದಕ್ಕಿಂತ ಅದರ ಮೇಲೆ ಏನು ಬರೆದಿದೆ ಅನ್ನುವುದನ್ನು ಹೇಳಿ. ಬಣ್ಣ, ಜಾಗ ಬೇಗ ಬದಲಾಗುತ್ತವೆ. ಕೆಲಸದ ಕ್ರಮ ಅಷ್ಟು ಬೇಗ ಬದಲಾಗುವುದಿಲ್ಲ: ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಫೋಟೊ.

ಯಾವ ಟೂಲ್ ಕಲಿಯಲಿ?

ಕೆಲಸ ಕೊಡುವವರು ಏನು ಬಳಸುತ್ತಾರೋ ಅದನ್ನು. ಸುಮ್ನೆ ಎಲ್ಲದರ ಹೆಸರು ರೆಸ್ಯೂಮೆಯಲ್ಲಿ ತುಂಬಿಸಬೇಡಿ. ದೊಡ್ಡ ಯಂತ್ರ ತಯಾರಕರಲ್ಲಿ ದಪ್ಪ ಮ್ಯಾನುಯಲ್ ಬರೆದು ಜೋಡಿಸುವ ಫ್ರೇಮ್‌ಮೇಕರ್ ಇನ್ನೂ ಇದೆ. 1980ರ ದಶಕದ ತಂತ್ರಾಂಶ ಅದು, 1995ರಿಂದ ಅಡೋಬಿ ಕೈಯಲ್ಲಿದೆ. ಒಂದೇ ವಿಷಯವನ್ನು ಹತ್ತು ಮಾಡೆಲ್‌ಗೆ ಹಂಚಿಕೊಳ್ಳಬೇಕಾದ ಕಡೆ ಡಿಟಾ ಬಳಸುತ್ತಾರೆ, ವಿಷಯವನ್ನು ಬಿಡಿ ತುಂಡುಗಳಾಗಿ ಬರೆದು ಬೇಕಾದ ಕಡೆ ಜೋಡಿಸುವ ವಿಧಾನ ಅದು. ಐಬಿಎಂ ಒಳಗೆ ಹುಟ್ಟಿ 2005ರಲ್ಲಿ ಎಲ್ಲರಿಗೂ ತೆರೆದ ಮಾನದಂಡ ಆಯಿತು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಮಾರ್ಕ್‌ಡೌನ್ (ಸಾದಾ ಪಠ್ಯದಲ್ಲೇ ಚಿಹ್ನೆ ಹಾಕಿ ತಲೆಬರಹ, ಪಟ್ಟಿ ಮಾಡುವ ರೀತಿ) ಮತ್ತು ಗಿಟ್. ಇವೆರಡೂ ಪುಕ್ಕಟೆ, ಒಂದು ವಾರದಲ್ಲಿ ಕೈಗೆ ಹತ್ತುತ್ತವೆ. ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗದಿದ್ದರೆ ಇವೆರಡರಿಂದ ಮಾಡಿ. ಯಾವ ಸಾಲನ್ನು ಯಾರು, ಯಾವತ್ತು, ಯಾಕೆ ಬದಲಿಸಿದರು ಅನ್ನುವುದನ್ನು ಗಿಟ್ ಇಟ್ಟುಕೊಳ್ಳುತ್ತದೆ. ಆ ಅಭ್ಯಾಸ ಒಮ್ಮೆ ಬಂದರೆ ನಾಳೆ ಟೂಲ್ ಬದಲಾದರೂ ಕಷ್ಟವಾಗುವುದಿಲ್ಲ.

ಚಿತ್ರ ಬರೆಯಲು ಇಂಕ್‌ಸ್ಕೇಪ್ ಸಾಕು, ಅದೂ ಪುಕ್ಕಟೆ.

ಎಐ ಬಂದಿದೆಯಲ್ಲ, ಇನ್ನು ಈ ಕೆಲಸ ಉಳಿಯುತ್ತಾ?

ಈಗ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಯಲ್ಲಿ. ಅಲ್ಲಿಂದ ಈಚೆಗೆ ಸುಮ್ಮನೆ ಇದ್ದದ್ದನ್ನು ತಿರುಗಿಸಿ ಬರೆಯುವ ಕೆಲಸ ಕಡಿಮೆಯಾಗಿದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಉದ್ದದ ವಾಕ್ಯ ಚಿಕ್ಕದು ಮಾಡಲು, ಕಾಗುಣಿತ ನೋಡಲು, ಪಟ್ಟಿಯನ್ನು ಕೋಷ್ಟಕ ಮಾಡಲು ನಾನೂ ಬಳಸುತ್ತೇನೆ.

ಆದರೆ ಅದು ವಸಂತನರಸಾಪುರಕ್ಕೆ ಹೋಗಿ ಬೋಲ್ಟ್ ಮುಟ್ಟಿ ನೋಡುವುದಿಲ್ಲ. ಟಾರ್ಕ್, ಅಂದರೆ ಬೋಲ್ಟ್ ಬಿಗಿಸುವ ಬಲ, ಎಷ್ಟು ಅಂತ ಕೇಳಿದರೆ ಗೊತ್ತಿಲ್ಲ ಅನ್ನುವ ಬದಲು ಒಂದು ಅಂಕಿ ಹೇಳಿಬಿಡಬಹುದು, ಅದೂ ಬಹಳ ಧೈರ್ಯವಾಗಿ. ಅಂಕಿ, ಯೂನಿಟ್, ಹೆಜ್ಜೆಗಳ ಕ್ರಮ, ಈ ಮೂರನ್ನು ಎಐ ಬರೆದುಕೊಟ್ಟರೆ ಡ್ರಾಯಿಂಗ್ ಜೊತೆ ಇಟ್ಟು ನೋಡದೆ ಮುಂದಕ್ಕೆ ಬಿಡಬೇಡಿ. ಗ್ರಾಹಕರ ಡ್ರಾಯಿಂಗನ್ನು, ಇನ್ನೂ ಮಾರುಕಟ್ಟೆಗೆ ಬರದ ಯಂತ್ರದ ವಿವರವನ್ನು ಸಾರ್ವಜನಿಕ ಎಐಗೆ ಹಾಕಲೇಬೇಡಿ. ಒಪ್ಪಂದದಲ್ಲಿ ಅದಕ್ಕೆ ಅವಕಾಶ ಇರುವುದಿಲ್ಲ.

ಹೊಸ ತಲೆನೋವು ಒಂದಿದೆ. ಮೊದಲು ಮ್ಯಾನುಯಲ್ ಓದುತ್ತಿದ್ದವರು ಮನುಷ್ಯರು. ಈಗ ಕಂಪನಿಯ ಚಾಟ್‌ಬಾಟ್ ಓದಿ, ಅದರಿಂದ ಉತ್ತರ ಕೊಡುತ್ತದೆ. ಒಂದೇ ಫೋಲ್ಡರ್‌ನಲ್ಲಿ 2019ರ ಪ್ರತಿಯೂ ಹೊಸ ಪ್ರತಿಯೂ ಇದ್ದರೆ ಬಾಟ್ ಯಾವುದನ್ನು ಎತ್ತಿಕೊಳ್ಳುತ್ತದೋ ಹೇಳಲಾಗದು. ಹಳೆಯ ಪುಟವನ್ನು ಧೂಳು ನೋಡಿಯಾದರೂ ಮನುಷ್ಯ ಅನುಮಾನಿಸುತ್ತಾನೆ, ಬಾಟ್‌ಗೆ ಧೂಳು ಕಾಣುವುದಿಲ್ಲ. ಹಾಗಾಗಿ ಹಳೆಯ ಪ್ರತಿ ತೆಗೆಯುವ, ಆವೃತ್ತಿ ಗುರುತಿಸುವ ಕೆಲಸ ಎಐ ಬಂದ ಮೇಲೆ ಹೆಚ್ಚಾಗಿದೆ. ಆ ಕೆಲಸ ಮಾಡಬಲ್ಲವರಿಗೆ ಕೆಲಸ ಇದೆ.

ಇಂಜಿನಿಯರ್‌ಗಳು ಮಾಹಿತಿ ಕೊಡುವುದೇ ಇಲ್ಲ. ಏನು ಮಾಡಲಿ?

"ಇದರ ಬಗ್ಗೆ ಹೇಳಿ ಸರ್" ಅಂತ ಖಾಲಿ ಪುಸ್ತಕ ಹಿಡಿದು ಹೋದರೆ ಯಾರೂ ಹೇಳುವುದಿಲ್ಲ. ನಿಮಗೆ ತಿಳಿದಷ್ಟು ಬರೆದುಕೊಂಡು ಹೋಗಿ ಮುಂದೆ ಇಡಿ. ತಪ್ಪು ಕಂಡರೆ ತಿದ್ದದೆ ಬಿಡುವ ಇಂಜಿನಿಯರ್‌ನನ್ನು ನಾನು ಈವರೆಗೆ ನೋಡಿಲ್ಲ! ಊಟದ ಮುಂಚೆ ಹೋಗಬೇಡಿ. ಡಿಸ್ಪ್ಯಾಚ್ ದಿನ ಹೋಗಬೇಡಿ. ಮೇಲಿನವರಿಗೆ ದೂರು ಕೊಟ್ಟು ಮಾಹಿತಿ ತರಿಸಿಕೊಂಡರೆ ಒಂದು ಸಲ ಸಿಗುತ್ತದೆ, ಎರಡನೇ ಸಲ ಸಿಗುವುದಿಲ್ಲ.

ಎಚ್ಚರಿಕೆಯ ಸೂಚನೆ ಬರೆಯುವುದು ಹೇಗೆ?

ನಾಲ್ಕು ಮಟ್ಟಗಳಿವೆ. ತಪ್ಪಿದರೆ ಸಾವು ಅಥವಾ ತೀವ್ರ ಗಾಯ ಖಂಡಿತ ಅನ್ನುವ ಕಡೆ "ಅಪಾಯ". ಆಗಬಹುದು ಅನ್ನುವ ಕಡೆ "ಎಚ್ಚರಿಕೆ". ಸಣ್ಣಪುಟ್ಟ ಗಾಯಕ್ಕೆ "ಜಾಗ್ರತೆ". ಯಂತ್ರಕ್ಕೆ ಮಾತ್ರ ಹಾನಿ ಆಗುವುದಾದರೆ "ಗಮನಿಸಿ". ಅಮೆರಿಕದ ಝಡ್535 ಮಾನದಂಡದ ವಿಂಗಡಣೆ ಇದು, ಬೇರೆ ದೇಶಗಳಲ್ಲೂ ಇದೇ ರೂಢಿ ಇದೆ. ಕನ್ನಡದ ಈ ನಾಲ್ಕು ಪದ ನಾನು ಇಟ್ಟುಕೊಂಡಿರುವುದು, ನೀವು ಬೇರೆ ಇಟ್ಟುಕೊಳ್ಳಬಹುದು. ಒಂದು ಮ್ಯಾನುಯಲ್ ಒಳಗೆ ಮಾತ್ರ ಅದಲುಬದಲು ಮಾಡಬೇಡಿ. ಎಲ್ಲದಕ್ಕೂ "ಅಪಾಯ" ಅಂತ ಕೆಂಪು ಹಾಕಿದರೆ ನಿಜವಾದ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಳ್ಳೆಯ ಸೂಚನೆಯಲ್ಲಿ ಏನಾಗುತ್ತದೆ, ಯಾಕೆ, ಏನು ಮಾಡಬೇಕು ಅನ್ನುವ ಮೂರೂ ಇರಬೇಕು. ಕೊಳವೆಬಾವಿಗೆ ಹಾಕುವ ಸೋಲಾರ್ ಪಂಪ್ ತೆಗೆದುಕೊಳ್ಳಿ. ನಮ್ಮ ರೈತರಿಗೆ ಬೆಸ್ಕಾಂ ಕರೆಂಟ್ ಗೊತ್ತು. ಮೇನ್ ಸ್ವಿಚ್ ಆಫ್ ಮಾಡಿದರೆ ಆಯಿತು, ಸ್ಟಾರ್ಟರ್ ಬಿಚ್ಚಬಹುದು ಅಂತ ವರ್ಷಗಳ ಅಭ್ಯಾಸ. ಸೋಲಾರ್‌ನಲ್ಲಿ ಹಾಗಲ್ಲ. ಸ್ವಿಚ್ ಆಫ್ ಮಾಡಿದರೂ ಬಿಸಿಲು ಇರುವವರೆಗೆ ಪ್ಯಾನೆಲ್‌ನಿಂದ ಸ್ವಿಚ್‌ವರೆಗಿನ ವೈರಿನಲ್ಲಿ ಡಿಸಿ ವೋಲ್ಟೇಜ್ ಇದ್ದೇ ಇರುತ್ತದೆ. ಕಂಟ್ರೋಲರ್ ಒಳಗಿನ ಕೆಪಾಸಿಟರ್ ಕೂಡ ತಕ್ಷಣ ಖಾಲಿಯಾಗುವುದಿಲ್ಲ. "ವಿದ್ಯುತ್ ಅಪಾಯ" ಅಂತ ಮಿಂಚಿನ ಚಿತ್ರ ಹಾಕಿದರೆ ಇದು ತಿಳಿಯುತ್ತದಾ? ಹೀಗೆ ಬರೆಯಬೇಕು:

"ಅಪಾಯ: ಸ್ವಿಚ್ ಆಫ್ ಇದ್ದರೂ ಶಾಕ್ ಹೊಡೆಯುತ್ತದೆ. ಬಿಸಿಲು ಇರುವಾಗ ಪ್ಯಾನೆಲ್ ವೈರಿನಲ್ಲಿ ಕರೆಂಟ್ ಇರುತ್ತದೆ. ವೈರ್ ಮುಟ್ಟಬೇಡಿ. ಪೆಟ್ಟಿಗೆ ತೆರೆಯಬೇಡಿ. ಕಂಪನಿಯ ಮೆಕ್ಯಾನಿಕ್ ಕರೆಸಿ."

ಮೆಕ್ಯಾನಿಕ್‌ಗೆ ಬೇರೆ ಹಾಳೆ. ಆಫ್ ಮಾಡಿದ ಮೇಲೆ ಎಷ್ಟು ನಿಮಿಷ ಕಾಯಬೇಕು ಅನ್ನುವುದನ್ನು ಆ ಕಂಟ್ರೋಲರ್ ಮಾಡಿದವರಿಂದಲೇ ಕೇಳಿ ಅದರಲ್ಲಿ ಹಾಕಿ. ಅಂದಾಜಿನಲ್ಲಿ ಬರೆಯುವ ಅಂಕಿ ಅಲ್ಲ ಅದು. ತಂತ್ರಜ್ಞಾನ ಬದಲಾದಾಗ ಜನ ಪೆಟ್ಟು ತಿನ್ನುವುದು ಹೊಸದು ಗೊತ್ತಿಲ್ಲದ್ದಕ್ಕಿಂತ ಹೆಚ್ಚಾಗಿ ಹಳೆಯದು ಚೆನ್ನಾಗಿ ಗೊತ್ತಿರುವುದರಿಂದ. ಹಾಗಾಗಿ ಹೊಸ ಯಂತ್ರದ ಮ್ಯಾನುಯಲ್‌ನಲ್ಲಿ "ಹಳೆಯದರಲ್ಲಿ ಹೀಗೆ ಮಾಡುತ್ತಿದ್ದಿರಿ, ಇದರಲ್ಲಿ ಮಾಡಬೇಡಿ" ಅನ್ನುವ ಅರ್ಧ ಪುಟ ಮೊದಲೇ ಬರಲಿ.

ಈಗೆಲ್ಲ ವಿಡಿಯೊ ಸಾಕಲ್ವಾ?

ಜೋಡಿಸುವುದನ್ನು, ಬಿಚ್ಚುವುದನ್ನು ತೋರಿಸಲು ವಿಡಿಯೊ ಬಹಳ ಒಳ್ಳೆಯದು. ಅಂಕಿ ನೋಡಲು ಉಪಯೋಗವಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು ಆರನೇ ನಿಮಿಷಕ್ಕೆ ಎಳೆದುಕೊಂಡು ಹೋಗುವುದು ಯಾರಿಗೂ ಆಗದು. ಇನ್ನು ಬದಲಾವಣೆ ಬಂದರೆ ಒಂದು ಸಾಲು ತಿದ್ದಿದ ಹಾಗೆ ವಿಡಿಯೊ ತಿದ್ದಲು ಆಗುವುದಿಲ್ಲ. ಒಂದು ವಿಡಿಯೊಗೆ ಒಂದೇ ಕೆಲಸ ಅಂತ ಚಿಕ್ಕದಾಗಿ ಮಾಡಿ, ಬದಲಾದದ್ದನ್ನು ಮಾತ್ರ ಮತ್ತೆ ತೆಗೆಯಬಹುದು.

ಅನುಭವ ಇಲ್ಲ. ಸಂದರ್ಶನದಲ್ಲಿ ಏನು ತೋರಿಸಲಿ?

ಮನೆಯಲ್ಲಿರುವ ಯಾವುದಾದರೂ ಯಂತ್ರಕ್ಕೆ ಎರಡು ಪುಟ ಬರೆಯಿರಿ. ಅಡಿಕೆ ಸುಲಿಯುವ ಯಂತ್ರ, ಹನಿ ನೀರಾವರಿಯ ಫಿಲ್ಟರ್, ಯುಪಿಎಸ್ ಬ್ಯಾಟರಿಗೆ ನೀರು ಹಾಕುವುದು, ಏನಾದರೂ ಸರಿ. ಅದನ್ನು ಆ ಯಂತ್ರ ಮುಟ್ಟದವರ ಕೈಗೆ ಕೊಟ್ಟು ಸುಮ್ಮನೆ ನಿಲ್ಲಿ. ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತರೋ ಗುರುತು ಹಾಕಿಕೊಂಡು ತಿದ್ದಿ. ಸಂದರ್ಶನಕ್ಕೆ ಮೊದಲ ಪ್ರತಿ, ತಿದ್ದಿದ ಪ್ರತಿ ಎರಡನ್ನೂ ತೆಗೆದುಕೊಂಡು ಹೋಗಿ. ನಾನು ಆರಿಸುವ ಜಾಗದಲ್ಲಿ ಕೂತಿದ್ದರೆ ಸರ್ಟಿಫಿಕೇಟ್‌ಗಿಂತ ಮೊದಲು ಆ ಎರಡು ಪ್ರತಿಯ ನಡುವಿನ ವ್ಯತ್ಯಾಸ ನೋಡುತ್ತೇನೆ.

ನಾವು ಸಣ್ಣ ಯಂತ್ರ ಮಾಡುತ್ತೇವೆ. ಕನ್ನಡದಲ್ಲಿ ಮ್ಯಾನುಯಲ್ ಬೇಕು. ನಾವು ಏನೇನು ಸಿದ್ಧ ಇಟ್ಟುಕೊಳ್ಳಬೇಕು?

ಓಡುವ ಸ್ಥಿತಿಯಲ್ಲಿರುವ ಒಂದು ಯಂತ್ರ. ಇತ್ತೀಚಿನ ಡ್ರಾಯಿಂಗ್ ಮತ್ತು ಬಿಡಿಭಾಗಗಳ ಪಟ್ಟಿ. ಇಂಗ್ಲಿಷ್ ಮ್ಯಾನುಯಲ್ ಇದ್ದರೆ ಅದು, ಇಲ್ಲದಿದ್ದರೂ ಪರವಾಗಿಲ್ಲ. ಗ್ರಾಹಕರು ಫೋನ್ ಮಾಡಿ ಕೇಳುವ ಪ್ರಶ್ನೆಗಳು, ಬರೆದಿಟ್ಟಿಲ್ಲದಿದ್ದರೆ ಫೋನ್ ಎತ್ತುವವರನ್ನೇ ಒಂದು ಗಂಟೆ ಬಿಡುವು ಮಾಡಿ ಕೂರಿಸಿ. ಯಂತ್ರ ಓಡಿಸುವ ಆಪರೇಟರ್ ಒಬ್ಬರು ಬೇಕು, ಮಾಲೀಕರು ಪಕ್ಕದಲ್ಲಿ ಇರದೆ ಇದ್ದರೆ ಅವರು ಚೆನ್ನಾಗಿ ಮಾತಾಡುತ್ತಾರೆ. ಮ್ಯಾನುಯಲ್‌ಗೆ ಕೊನೆಯ ಸಹಿ ಯಾರದು, ಯಂತ್ರ ಬದಲಾದಾಗ ನನಗೆ ತಿಳಿಸುವವರು ಯಾರು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ಹಾಗೇ, ಈಗಾಗಲೇ ಹೊರಗೆ ಹೋಗಿರುವ ಯಂತ್ರಗಳು ಯಾವ ಯಾವ ಊರಿನಲ್ಲಿವೆ ಅನ್ನುವ ಪಟ್ಟಿಯೂ ಇರಲಿ. ಹೊಸ ಹಾಳೆ ಅವರಿಗೂ ತಲುಪಬೇಕು.